ಮಾರಬಾರದ ಕೊನೆಯ ಪೊಟ್ಟಣ

ಬೀಳ್ಕೊಡುಗೆಯ ಭಾಷಣಗಳನ್ನು ನಾನು ನಂಬುವುದಿಲ್ಲ. ಇಪ್ಪತ್ತು ವರ್ಷ ಒಂದೇ ಬೆಂಚಿನ ಆ ತುದಿ ಈ ತುದಿಯಲ್ಲಿ ಮುಖ ತಿರುಗಿಸಿಕೊಂಡು ಕೂತವರು, ಆ ಒಂದು ಸಂಜೆ ಮಾತ್ರ ಹಾರ ಹಿಡಿದು ಎದ್ದು ನಿಂತು ‘ತುಂಬಲಾರದ ನಷ್ಟ’ ಎನ್ನುತ್ತಾರೆ. ನಷ್ಟ ಅಷ್ಟು ತುಂಬಲಾರದ್ದಾದರೆ ಮಾರನೆಯ ಬೆಳಿಗ್ಗೆ ಆ ಕುರ್ಚಿಗೆ ಅಷ್ಟೊಂದು ಜನ ಅರ್ಜಿ ಹಾಕುವುದೇಕೆ? ಹಾಗಾಗಿ ಚನ್ನರಾಯಪಟ್ಟಣದಿಂದ ಬಂದ ಕಾಗದವನ್ನು ಅನುಮಾನದಿಂದಲೇ ಓದಿದೆ. ‘ತಮ್ಮ ಹಳೆಯ ಟೀಚರ್ ನಿವೃತ್ತರಾಗುತ್ತಿದ್ದಾರೆ. ತಾವು ಹೆಸರಾದ ಚರ್ಚಾಪಟು. ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕು’ ಎಂದಿತ್ತು. ನಾಲ್ಕೇ ಏಕೆ? ಒಳ್ಳೆಯದೇ ಏಕೆ?

ನಾಲ್ಕು ಮಾತು ಬರೆದು ಕಳಿಸಿದೆ. ಅವು ಇಲ್ಲಿಲ್ಲ. ಇಲ್ಲಿರುವುದು ಅಲ್ಲಿ ಹೇಳಲಾಗದೆ ಉಳಿದದ್ದು.

ಅವರ ಹೆಸರು ಬರೆಯುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರುಗಳ ಶಾಲೆಗಳಲ್ಲಿ ಅವರು ಕೆಲಸ ಮಾಡಿದವರು. ನಾನು ಮುಂದೆ ಹೇಳುವುದರಲ್ಲಿ ಒಂದು ಊರನ್ನು ಬೇಕೆಂದೇ ತಪ್ಪು ಬರೆದಿದ್ದೇನೆ. ಹುಡುಕುವ ಹುಮ್ಮಸ್ಸಿದ್ದವರು ಹುಡುಕಲಿ. ಕೊನೆಯವರೆಗೆ ಓದಿದ ಮೇಲೂ ಹುಡುಕುವ ಮನಸ್ಸು ಉಳಿದಿದ್ದರೆ, ಅಂಥವರ ಮೇಲೆ ನನಗೆ ಬೇರೆಯೇ ಅನುಮಾನವಿದೆ.

ಹೊಳೆನರಸೀಪುರದ ನಮ್ಮ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಅವರು ಅರಕಲಗೂಡಿನಿಂದ ವರ್ಗವಾಗಿ ಬಂದದ್ದು ನಾನು ಎರಡನೆಯ ಫಾರಂನಲ್ಲಿದ್ದಾಗ. ಹೊಲಿಗೆ ಮತ್ತು ಡ್ರಿಲ್, ಎರಡೂ ಅವರದೇ. ಒಂದು ಗಂಟೆ ಕೂತು ಕಾಜಾ ಹಾಕಿಸುವವರು ಮುಂದಿನ ಗಂಟೆ ಸೀಟಿ ಊದಿ ಓಡಿಸುತ್ತಿದ್ದರು. ಎತ್ತರದ ಹೆಂಗಸು, ಸೀರೆ ಕಣಕಾಲಿಗಿಂತ ಒಂದು ಗೇಣು ಮೇಲೆ. ಎಡಗೈ ಹೆಬ್ಬೆರಳಿಗೆ ಸದಾ ಒಂದು ಎಳೆ ದಾರ ಸುತ್ತಿರುತ್ತಿತ್ತು. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಇದನ್ನು ನಾನು ಮೊದಲ ವಾರವೇ ಗಮನಿಸಿದೆ. ಮುಖ ನೋಡದೆ ಮಾತಾಡುವವರ ಒಳಗೆ ಏನೋ ಇರುತ್ತದೆ ಎಂದು ತೀರ್ಮಾನವನ್ನೂ ಮಾಡಿದೆ.

ಆಗ ನನಗೆ ಹದಿಮೂರು. ಪ್ರಶ್ನೆ ಕೇಳುವುದೇ ಬುದ್ಧಿ ಎಂದು ನಂಬಿದ್ದ ವಯಸ್ಸು. ಹಾಸನದಲ್ಲಿ ಶಾಲೆಗಳ ನಡುವೆ ಚರ್ಚಾಸ್ಪರ್ಧೆ ಇದ್ದಾಗ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವರು ಅವರೇ. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬ ಎಲ್ಲ ಕಾಲದ ವಿಷಯ. ನಾನು ಪಟ್ಟಣದ ಪರ. ಎದುರಿಗೆ ಬೂವನಹಳ್ಳಿ ಕಡೆಯ ಒಬ್ಬ ಹುಡುಗ, ಮಾತು ತಡವರಿಸುತ್ತಿದ್ದ. ಅವನ ಒಂದೊಂದು ತಡವರಿಕೆಯನ್ನೂ ಹಿಡಿದು ಎಳೆದೆ. ಸಭೆ ನಕ್ಕಿತು. ಬೆಳ್ಳಿಯ ಬಿಲ್ಲೆ ಸಿಕ್ಕಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಟೀಚರ್ ಏನಾದರೂ ಹೊಗಳುತ್ತಾರೆಂದು ಕಾದೆ. ಅವರು ಕಸೂತಿ ಬಟ್ಟೆ ತೆಗೆದು ಹೊಲಿಯುತ್ತ ಕೂತರು. ಊರು ಇನ್ನೇನು ಬಂತು ಎನ್ನುವಾಗ, ದಾರ ಹಲ್ಲಿನಲ್ಲಿ ಕಚ್ಚಿ ಕಡಿದು, “ಗೆದ್ದೆ ಕಣೇ. ಆದ್ರೆ ಆ ಹುಡುಗ ಹೇಳಿದ್ದು ಸರಿ ಇತ್ತು” ಎಂದರು.

ಹೊಟ್ಟೆಕಿಚ್ಚು ಎಂದುಕೊಂಡೆ.

ಟೀಚರ್ ಶಾಲೆಯಲ್ಲಿ ಸ್ಕೌಟಿನ ಮಾದರಿಯ ಹೆಣ್ಣುಮಕ್ಕಳ ದಳವೊಂದನ್ನು ಕಟ್ಟಿದ್ದರು. ಅದಕ್ಕೆ ಕ್ಯಾಂಪು ಹೋಗಲು ಗುಡಾರ ಬೇಕು, ಹಂಡೆ ಬೇಕು. ಅದಕ್ಕಾಗಿ ವರ್ಷಕ್ಕೊಮ್ಮೆ ದಳದ ಮಕ್ಕಳು ಬಿಸ್ಕತ್ತು ಮಾಡಿ ಮನೆ ಮನೆಗೆ ಹೋಗಿ ಮಾರುವುದು. ಹಿಟ್ಟು, ಬೆಣ್ಣೆ, ಓಮ ನಮ್ಮದು. ಶಾಲೆಯಲ್ಲೇ ಕಲಸಿ, ತಟ್ಟಿ, ತಗಡಿನ ತಟ್ಟೆಗಳಲ್ಲಿ ಜೋಡಿಸಿ ಪೇಟೆ ಬೀದಿಯ ಬೇಕರಿಗೆ ಹೊತ್ತುಕೊಂಡು ಹೋಗಬೇಕು. ಬೇಕರಿಯವರು ಬೆಳಗಿನ ಬ್ರೆಡ್ಡು ತೆಗೆದ ಮೇಲೆ ಒಲೆಯಲ್ಲಿ ಉಳಿದ ಕಾವಿನಲ್ಲಿ ನಮ್ಮದನ್ನು ಬೇಯಿಸಿ ಕೊಡುತ್ತಿದ್ದರು. ಆ ಕಾಲಕ್ಕೆ ಅದು ವಾಡಿಕೆ. ಪೇಟೆಯ ಕೆಲವು ಮನೆಯವರೂ ಹಬ್ಬದ ಮುಂಚೆ ಹಿಟ್ಟು ಸಕ್ಕರೆ ತಂದು ಹೀಗೇ ಮಾಡಿಸಿಕೊಂಡು ಹೋಗುತ್ತಿದ್ದರು.

ಮಾರಲು ಹೊರಡುವ ಮುಂಚೆ ಟೀಚರ್ ನಿಯಮಗಳನ್ನು ಹೇಳಿದರು. ಕರಿಹಲಗೆಯ ಮೇಲೆ ಬರೆಯಲಿಲ್ಲ. ಒಂದೊಂದೇ ಹೇಳಿ, ನಮ್ಮ ಬಾಯಲ್ಲಿ ಮೂರು ಮೂರು ಸಲ ಹೇಳಿಸಿದರು. ಇಬ್ಬಿಬ್ಬರಾಗಿ ಹೋಗಬೇಕು, ಇಬ್ಬರಾಗೇ ಬರಬೇಕು. ಬೇಡ ಎಂದ ಮನೆಗೂ ನಮಸ್ಕಾರ ಹೇಳಬೇಕು, ಎರಡನೆಯ ಸಲ ಕೇಳಕೂಡದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಕೂಡದು. ಬೀದಿ ದೀಪ ಹತ್ತುವ ಮೊದಲು ಶಾಲೆಯ ಗೇಟಿನಲ್ಲಿ ತಲೆ ಎಣಿಸಬೇಕು.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಆಮೇಲಿನವು ಮೂರು.

ಯಾರ ಮನೆಯಲ್ಲೂ ನೀರು ಕುಡಿಯಕೂಡದು, ಬಾಟಲಿಯಲ್ಲಿ ನಮ್ಮ ನೀರು ನಾವೇ ಒಯ್ಯಬೇಕು. ಎಲ್ಲರೂ ಕ್ಯಾನ್ವಾಸ್ ಬೂಟು ಹಾಕಬೇಕು, ಲೇಸಿಗೆ ಎರಡೆರಡು ಗಂಟು, ಶಾಲೆಗೆ ವಾಪಸ್ಸು ಬರುವ ತನಕ ಬಿಚ್ಚಕೂಡದು. ಮೂರನೆಯದು, ಡಬ್ಬದಲ್ಲಿ ಉಳಿದ ಕೊನೆಯ ಪೊಟ್ಟಣವನ್ನು ಮಾರಕೂಡದು. ಅದನ್ನು ಹಾಗೇ ತಂದು ಟೀಚರ್ ಕೈಗೆ ಕೊಡಬೇಕು.

ನಾನು ಎದ್ದು ನಿಂತೆ. “ಟೀಚರ್, ನೀರು ಕುಡೀಬಾರ್ದು ಅಂದ್ರೆ ಮಡಿಯಾ? ಯಾರ ಮನೆ ನೀರು ಯಾರು ಕುಡೀಬಾರ್ದು ಅಂತ?”

“ಯಾರ ಮನೇದೂ ಯಾರೂ.”

“ಯಾಕೆ?”

“ಕಾರಣ ಕೇಳೋದು ನಿನ್ನ ಹಕ್ಕು. ಹೇಳದೇ ಇರೋದು ನನ್ನ ಹಕ್ಕು. ಕೂತ್ಕೋ ಲಾಯರಮ್ಮ.”

ಲಾಯರಮ್ಮ ಎಂದು ಅವರು ಕರೆದದ್ದು ಅಂದೇ ಮೊದಲು. ಇಡೀ ಕ್ಲಾಸು ಅದನ್ನು ಎತ್ತಿಕೊಂಡಿತು.

ಬೂಟಿನ ಕಥೆ ಇನ್ನೂ ವಿಚಿತ್ರ. ನಮ್ಮಲ್ಲಿ ಅರ್ಧ ಜನ ಶಾಲೆಗೆ ಬರಿಗಾಲಲ್ಲೇ ಬರುತ್ತಿದ್ದವರು. ಟೀಚರ್ ಗಂಡುಮಕ್ಕಳ ಹೈಸ್ಕೂಲಿನ ಡ್ರಿಲ್ ಕೋಣೆಯಿಂದ ಹಳೆಯ ಬೂಟುಗಳನ್ನು ಒಂದು ಗೋಣಿಚೀಲದಲ್ಲಿ ಎರವಲು ತಂದರು. ದೊಡ್ಡದಾದವಕ್ಕೆ ಹತ್ತಿ ತುರುಕಿದರು. ಲಂಗದ ಕೆಳಗೆ ಹುಡುಗರ ಬೂಟು ಹಾಕಿಕೊಂಡ ಇಪ್ಪತ್ತನಾಲ್ಕು ಹುಡುಗಿಯರು ಸಾಲಾಗಿ ನಿಂತಾಗ ಹೆಡ್‌ಮಿಸ್ಟ್ರೆಸ್ಸೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಟೀಚರ್ ನೆಲದ ಮೇಲೆ ಮಂಡಿಯೂರಿ ಕೂತು, ಒಬ್ಬೊಬ್ಬಳ ಲೇಸನ್ನೂ ತಾವೇ ಕಟ್ಟಿದರು. ಮೊದಲ ಗಂಟು, ಅದರ ಮೇಲೆ ಇನ್ನೊಂದು, ಹಲ್ಲು ಕಚ್ಚಿ ಎಳೆದು. ಕಾಲಿನ ರಕ್ತ ನಿಲ್ಲುವಷ್ಟು ಬಿಗಿ. ಮಿಲಿಟರಿ ಹುಚ್ಚು ಎಂದೆ ನಾನು, ಅವರಿಗೆ ಕೇಳಿಸುವಂತೆಯೇ. ಅವರು ನನ್ನ ಲೇಸನ್ನು ಇನ್ನೂ ಒಂದು ಸಲ ಎಳೆದರು.

ಕೊನೆಯ ಪೊಟ್ಟಣದ ಬಗ್ಗೆ ಮಾತ್ರ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಕಾರಣವಿತ್ತು, ಮತ್ತು ಅದು ನನಗೆ ಶೋಭೆ ತರುವಂಥದ್ದಲ್ಲ.

ಹಿಟ್ಟು ಕಲಸುವ ದಿನ ನಾನು ಹಾಸನದ ಚರ್ಚೆಯ ಬಗ್ಗೆ ಪಕ್ಕದ ಜೋಡಿಯೊಂದಿಗೆ ಜೋರು ವಾದ ಮಾಡುತ್ತಿದ್ದೆ. ನನ್ನ ಜೊತೆಗಾತಿ ಬೆಣ್ಣೆ ತರಲು ಹೋಗಿದ್ದಳು. ನಮ್ಮ ಪಾಲಿನ ಕೊನೆಯ ಉಂಡೆ, ಒಂದೇ ಪೊಟ್ಟಣಕ್ಕಾಗುವಷ್ಟು ಹಿಟ್ಟು. ವಾದದ ಬಿಸಿಯಲ್ಲಿ ಅದಕ್ಕೆ ಉಪ್ಪನ್ನು ಎರಡು ಸಲ ಹಾಕಿದೆ. ಬೆಂದು ಬಂದ ಮೇಲೆ ಒಂದು ಬಿಸ್ಕತ್ತು ಕದ್ದು ಕಚ್ಚಿದೆ. ನಾಲಿಗೆ ಸುಟ್ಟಂತಾಯಿತು. ಯಾರಿಗೂ ಹೇಳಲಿಲ್ಲ, ಜೊತೆಗಾತಿಗೂ. ಆ ಪೊಟ್ಟಣವನ್ನು ಕಟ್ಟಿ ಡಬ್ಬದ ತಳಕ್ಕೆ ಹಾಕಿದೆ. ಕೊನೆಯ ಪೊಟ್ಟಣ ಮಾರಕೂಡದು ಎಂಬ ನಿಯಮ ನನ್ನ ತಪ್ಪನ್ನು ಮುಚ್ಚಲೆಂದೇ ಇಳಿದುಬಂದ ಹಾಗಿತ್ತು. ನಿಯಮ ಪ್ರಯೋಜನಕ್ಕೆ ಬರುವಾಗ ಸುಮ್ಮನಿದ್ದು, ಆಮೇಲೆ ಅದನ್ನೇ ಪ್ರಶ್ನಿಸುವುದು ಎಂಥ ಬುದ್ಧಿ ಎಂದು ನೀವು ಕೇಳಬಹುದು. ಕೇಳಿ.

ಜೊತೆಗಾತಿಯ ಬಗ್ಗೆ ಹೇಳಬೇಕು. ಅವಳ ಹೆಸರೂ ಬೇಡ. ಟೀಚರ್ ಬಂದ ವರ್ಷವೇ ಅವಳ ಅಪ್ಪನೂ ಅರಕಲಗೂಡಿನಿಂದ ಮನೆ ಎತ್ತಿಕೊಂಡು ನಮ್ಮೂರಿಗೆ ಬಂದಿದ್ದ. ಅಲ್ಲಿಯೂ ಅವಳು ಈ ಟೀಚರ ದಳದಲ್ಲೇ ಇದ್ದವಳು. ಕಡಿಮೆ ಮಾತು. ನನ್ನಂಥವಳಿಗೆ ಅವಳನ್ನು ಜೋಡಿ ಮಾಡಿದ್ದೂ ಟೀಚರೇ. ಮಾರಲು ಹೋದಾಗ ಡಬ್ಬ ಹೊರುವುದು ಅವಳು, ಬಾಗಿಲಿಗೆ ಹೋಗಿ ಮಾತಾಡುವುದು ನಾನು. ಅವಳು ಯಾವ ಮನೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಬೀದಿಯ ನಡುವೆ ನಿಂತಿರುತ್ತಿದ್ದಳು. ಸೋಮಾರಿ ಎಂದುಕೊಂಡೆ.

ಮಾರುವುದು ಸುಲಭವಿರಲಿಲ್ಲ. ಆಗ ನಮ್ಮೂರಲ್ಲಿ ಬ್ರೆಡ್ಡು ಬಿಸ್ಕತ್ತು ಕಾಯಿಲೆಯವರ ತಿಂಡಿ. ಕೋಟೆ ಬೀದಿಯ ಒಬ್ಬ ಅಜ್ಜಿ ಬಾಗಿಲಲ್ಲೇ ತಡೆದು, “ಮೊಟ್ಟೆ ಹಾಕಿದ್ದೀರೇನೇ? ನಿಜ ಹೇಳಿ, ನಿಮ್ಮಮ್ಮನ ಆಣೆ” ಎಂದರು. ಹಾಕಿಲ್ಲ ಎಂದೆ. “ಬೇಕರಿ ಒಲೇಲಿ ಹಿಂದೆ ಮೊಟ್ಟೇದು ಬೇಯಿಸಿರ್ತಾರಲ್ಲ?” ಎಂದರು. ಗೊತ್ತಿಲ್ಲ ಎಂದೆ, ನಿಯಮದ ಪ್ರಕಾರ. ಬಾಗಿಲು ಹಾಕಿಕೊಂಡರು. ಮುಚ್ಚಿದ ಬಾಗಿಲಿಗೆ ನಮಸ್ಕಾರ ಹೇಳಿದೆ, ಅದೂ ನಿಯಮದ ಪ್ರಕಾರ.

ಊರಾಚೆಯ ಗೌಡರ ಮನೆಯ ಜಗಲಿಯಲ್ಲಿ ಒಬ್ಬ ಮುದುಕ ಹೊಗೆಸೊಪ್ಪು ಹದ ಮಾಡುತ್ತಿದ್ದ. ಪೊಟ್ಟಣ ತೋರಿಸಿದೆ.

“ಏನವ್ವಾ ಅದು?”

“ಬಿಸ್ಕತ್ತು ತಾತ. ನಾವೇ ಮಾಡಿದ್ದು.”

“ನಮ್ಮನೇಲಿ ಯಾರ್ಗೂ ಜ್ವರ ಇಲ್ಲ ಕಣವ್ವ. ಮುಂದ್ಲ ಮನೆಗೋಗಿ, ಅಲ್ಲಿ ಸೊಸೆಗೆ ಉಸಾರಿಲ್ಲ.”

ಒಳಗಿನಿಂದ ಹೆಂಡತಿ ಬಂದಳು. “ಏ ಸುಮ್ಕಿರಿ, ಮಕ್ಳು ಬಿಸ್ಲಲ್ಲಿ ಬಂದವೆ. ಬನ್ರವ್ವ ಒಳೀಕೆ, ಮಜ್ಜಿಗೆ ಕುಡ್ಕಂಡೋಗಿ.”

ಬಾಯಿ ಒಣಗಿತ್ತು. ಆದರೆ ಕಾಲಲ್ಲಿ ಬೂಟು. ಎರಡು ಗಂಟು ಬಿಚ್ಚಿ, ಕುಡಿದು ಬಂದು, ಮತ್ತೆ ಕಟ್ಟಿಕೊಳ್ಳಲು ನನ್ನ ಉಗುರಿಗೆ ಸಾಧ್ಯವಿರಲಿಲ್ಲ. ಬೂಟುಗಾಲಲ್ಲಿ ಒಬ್ಬರ ಮನೆಯೊಳಗೆ ಹೋಗುವುದು ಕನಸಿನಲ್ಲೂ ಬರದ ಮಾತು. “ಬೂಟು ಹಾಕಿದ್ದೀವಮ್ಮ, ಒಳಗೆ ಬರೋ ಹಾಗಿಲ್ಲ” ಎಂದೆ. ಆಕೆ ನನ್ನ ಕಾಲು ನೋಡಿ, “ಅಯ್ಯೋ, ಇದ್ಯಾವ ಪೋಲೀಸ್ರವ್ವ ನೀವು!” ಎಂದು ನಕ್ಕು, ಎರಡು ಪೊಟ್ಟಣ ಕೊಂಡಳು. ಟೀಚರ್ ಮೇಲಿನ ನನ್ನ ಸಿಟ್ಟು ಒಂದು ಲೋಟ ಮಜ್ಜಿಗೆಯಷ್ಟು ಹೆಚ್ಚಾಯಿತು.

ಸಂಜೆ ಗೇಟಿನಲ್ಲಿ ತಲೆ ಎಣಿಸಿ, ಹನ್ನೆರಡು ಜೋಡಿಯಿಂದ ಹನ್ನೆರಡು ಪೊಟ್ಟಣ ತೆಗೆದುಕೊಂಡು ಟೀಚರ್ ತಮ್ಮ ಹೊಲಿಗೆಯ ಚೀಲಕ್ಕೆ ಹಾಕಿಕೊಂಡರು. ನಾನು ನೋಡಿದೆ. ಚೀಲ ಅವರ ಮನೆಗೆ ಹೋಯಿತು. ಅದನ್ನೂ ನೋಡಿದೆ, ಹಿಂದೆಯೇ ಹೋಗಿ. ಗುಡಾರಕ್ಕೆಂದು ಬಿಸಿಲಲ್ಲಿ ಅಲೆದವರು ನಾವು, ಪೊಟ್ಟಣ ಹೋದದ್ದು ಅವರ ಮನೆಗೆ. ನೀರಿನ ನಿಯಮ, ಬೂಟಿನ ನಿಯಮ, ಎಲ್ಲವೂ ನಮ್ಮ ಗಮನವನ್ನು ಈ ಒಂದು ನಿಯಮದಿಂದ ಬೇರೆಡೆಗೆ ಸೆಳೆಯಲು ಹೂಡಿದ ಆಟ ಎಂದು ನನಗೆ ಹೊಳೆದುಬಿಟ್ಟಿತು. ಎಲ್ಲ ಎಳೆಗಳೂ ಒಂದೇ ಗಂಟಿಗೆ ಬಂದು ಸೇರಿದಾಗ ಆಗುವ ಆನಂದ ವಾದ ಮಾಡುವವರಿಗೆ ಗೊತ್ತು. ಆ ಆನಂದವೇ ಪುರಾವೆ ಎಂದು ನಾವು ತಪ್ಪು ತಿಳಿಯುತ್ತೇವೆ.

ತಿಂಗಳ ಮೇಲೆ ಶಾಲೆಯ ಕಮಿಟಿಯವರು ಬಂದರು. ಹೊಸ ಗುಡಾರಕ್ಕೆ ಪೂಜೆ, ಮಕ್ಕಳಿಗೆ ಪೆಪ್ಪರಮೆಂಟು. ಕಮಿಟಿಯ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು, “ಯಾರಾದ್ರೂ ಮಕ್ಳು ಎಲ್ಡು ಮಾತಾಡ್ರವ್ವ” ಎಂದರು. ಹೆಡ್‌ಮಿಸ್ಟ್ರೆಸ್ ನನ್ನತ್ತ ಕೈ ತೋರಿಸಿದರು. ಬೆಳ್ಳಿಯ ಬಿಲ್ಲೆ ಗೆದ್ದವಳಲ್ಲವೇ.

ಎದ್ದು ನಿಂತೆ. ವಂದನೆ ಹೇಳಿದೆ. ಆಮೇಲೆ, “ಅಧ್ಯಕ್ಷರೇ, ಒಂದೇ ಪ್ರಶ್ನೆ” ಎಂದೆ. “ಕೊನೆಯ ಪೊಟ್ಟಣ ಮಾರಕೂಡದು ಎಂದು ನಮಗೆ ನಿಯಮ ಮಾಡಿದ್ದರು. ಹನ್ನೆರಡು ಪೊಟ್ಟಣ ವಾಪಸ್ಸು ಬಂದವು. ಅವು ಎಲ್ಲಿ ಹೋದವು? ಆ ನಿಯಮಕ್ಕೆ ಕಾರಣವೇನು?”

“ಯೋ, ಯಾರ ಮಗಳಯ್ಯಾ ಇದು? ಕೋಲ್ಟು ನಡೆಸ್ತಾವ್ಳಲ್ಲ!” ಎಂದು ಹಿರಿಯರು ನಕ್ಕರು. ಆಮೇಲೆ ನಗು ನಿಲ್ಲಿಸಿ ಟೀಚರತ್ತ ತಿರುಗಿದರು. “ಏನ್ ಮೇಷ್ಟ್ರಮ್ಮ, ಐತಾ ಅಂತ ನೇಮ?”

ಟೀಚರ್ ಗೋಡೆಯ ಬಳಿ ನಿಂತಿದ್ದರು. “ಇದೆ” ಎಂದರು.

ಎದುರಾಳಿ ಸುಮ್ಮನಾದಾಗ ಸಾಕ್ಷಿ ಕರೆಯಬೇಕು. ಇದು ನನಗೆ ಯಾರೂ ಕಲಿಸಿದ್ದಲ್ಲ, ಹುಟ್ಟಿನಿಂದಲೇ ಬಂದದ್ದು. “ಟೀಚರ್ ಹೇಳದಿದ್ದರೆ ಬೇಡ. ನನ್ನ ಜೊತೆಗಾತಿ ಅರಕಲಗೂಡಿನಲ್ಲೂ ಇವರ ದಳದಲ್ಲೇ ಇದ್ದಳು. ಅಲ್ಲಿ ಈ ನಿಯಮ ಇರಲಿಲ್ಲವಂತೆ. ಇಲ್ಲಿಗೆ ಬಂದ ಮೇಲೆ ಯಾಕೆ ಬಂತು? ಅಲ್ಲಿ ಏನಾಯಿತು? ಅವಳೇ ಹೇಳಲಿ” ಎಂದು ಪಕ್ಕದಲ್ಲಿ ಕೂತಿದ್ದವಳ ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ಅರ್ಧ ಎದ್ದಳು. ಅವಳ ತೋಳು ನನ್ನ ಕೈಯಲ್ಲಿ ತಣ್ಣಗಾದದ್ದು ಈಗಲೂ ಕೈಗೆ ನೆನಪಿದೆ. ಆಗ ನಾನು ಸಭೆಯನ್ನು ನೋಡುತ್ತಿದ್ದೆ.

“ನಾನೇ ತಿಂದೆ.”

ಟೀಚರ್ ಧ್ವನಿ. ಡ್ರಿಲ್ಲಿನ ಧ್ವನಿ, ಸೀಟಿಯಷ್ಟು ಜೋರು.

“ಏನಂದ್ರಿ?” ಎಂದರು ಹಿರಿಯರು.

“ಬಿಸ್ಕತ್ತು ಸಾರ್. ಹನ್ನೆರಡು ಪೊಟ್ಟಣ. ನಾನೇ ತಿಂದೆ. ನಿಯಮ ಮಾಡಿದ್ದೂ ಅದಕ್ಕೇ.”

“ಒಬ್ರೇನಾ?”

“ಒಬ್ಬಳೇ. ಕಾಫಿ ಜೊತೆ.”

ಸಭೆ ನಕ್ಕಿತು. ಹಾಸನದಲ್ಲಿ ನಕ್ಕದ್ದಕ್ಕಿಂತ ಜೋರಾಗಿ. ಟೀಚರ್ ನನ್ನ ಹತ್ತಿರ ಬಂದು, ಜೊತೆಗಾತಿಯ ತೋಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಕೂತ್ಕೋ ಮಗು” ಎಂದು ಅವಳಿಗೆ ಹೇಳಿದರು.

ಆ ವಾರವೇ ದಳವನ್ನು ಅವರ ಕೈಯಿಂದ ತೆಗೆದರು. ಊರಲ್ಲಿ ಅವರಿಗೆ ಬಿಸ್ಕತ್ತು ಮೇಷ್ಟ್ರಮ್ಮ ಎಂಬ ಹೆಸರಾಯಿತು. ಸಂತೆಯಲ್ಲಿ ತರಕಾರಿಯವಳೂ ಕಾಫಿ ಕುಡಿದ್ರಾ ಅವ್ವ ಎಂದು ಕೇಳಿ ಕಿಸಕ್ಕೆನ್ನುತ್ತಿದ್ದಳು. ಟೀಚರ್ ಹಾದುಹೋಗುವಾಗ ಕಿಟಕಿಗಳಲ್ಲಿ ಪಿಸುಮಾತು. ಅವರು ಮಾತ್ರ ಅದೇ ಒಂದು ಗೇಣು ಎತ್ತರದ ಸೀರೆಯಲ್ಲಿ, ಯಾರ ಮುಖವನ್ನೂ ನೋಡದೆ ನಡೆಯುತ್ತಿದ್ದರು. ಜೂನ್ ತಿಂಗಳಲ್ಲಿ ಚನ್ನರಾಯಪಟ್ಟಣಕ್ಕೆ ವರ್ಗ. ಆ ವರ್ಗಕ್ಕೆ ನಾನೇ ಕಾರಣ ಎನ್ನಲು ನನ್ನ ಬಳಿ ಪುರಾವೆಯಿಲ್ಲ. ಅಲ್ಲ ಎನ್ನಲೂ ಇಲ್ಲ.

ಮರುವರ್ಷ ದಳಕ್ಕೆ ಬೇರೆ ಟೀಚರ್. ನಗುಮುಖದವರು. ಬೂಟು ಬೇಡ ಎಂದರು, ನಾವು ಚಪ್ಪಾಳೆ ತಟ್ಟಿದೆವು. ಕೊನೆಯ ಪೊಟ್ಟಣದ ನಿಯಮವನ್ನು ನಗುತ್ತಲೇ ತೆಗೆದು, ಅದರ ಬದಲು ಡಬ್ಬ ಪೂರ್ತಿ ಖಾಲಿ ಮಾಡಿ ಬಂದ ಜೋಡಿಗೆ ಕೆಂಪು ರಿಬ್ಬನ್ ಎಂದರು. ನ್ಯಾಯ ಗೆದ್ದಿತು ಎಂದುಕೊಂಡೆ.

ರಿಬ್ಬನ್ ನನಗೇ ಬೇಕಿತ್ತು. ಸಂಜೆಯ ಹೊತ್ತಿಗೆ ಡಬ್ಬದಲ್ಲಿ ಉಳಿದದ್ದು ಒಂದು ಪೊಟ್ಟಣ. ಪೇಟೆ ಬೀದಿ, ಕೋಟೆ ಬೀದಿ ಎರಡೂ ಮುಗಿದಿದ್ದವು. ಹೇಮಾವತಿಯ ಸೇತುವೆ ದಾಟಿದರೆ ಆಚೆ ನಾಲ್ಕು ಮನೆಗಳಿವೆ ಎಂದು ನನಗೆ ಗೊತ್ತಿತ್ತು. ಯಾರ ಮನೆಗಳೆಂದು ಗೊತ್ತಿರಲಿಲ್ಲ. ಬೀದಿ ದೀಪ ಹತ್ತಿತು.

“ಬಾರೇ, ಒಂದೇ ಒಂದು” ಎಂದೆ.

ಜೊತೆಗಾತಿ ಸೇತುವೆಯ ತುದಿಯಲ್ಲಿ ನಿಂತುಬಿಟ್ಟಳು. ಎಳೆದೆ. ಅವಳು ರಸ್ತೆಯ ಮೇಲೆ ಕೂತಳು. ಧೂಳಿನಲ್ಲಿ, ಡಬ್ಬ ತಬ್ಬಿಕೊಂಡು. ಆಗ ನಾನು ಗಮನಿಸಿದ್ದು, ಆ ದಿನ ಇಡೀ ದಳದಲ್ಲಿ ಬೂಟು ಹಾಕಿ ಬಂದಿದ್ದವಳು ಅವಳೊಬ್ಬಳೇ. ಎರಡು ಗಂಟು.

“ನಾನು ಬರಾಕಿಲ್ಲ ಕಣೇ. ಅವತ್ತೂವೆ ಒಂದೇ ಉಳಿದಿತ್ತು.”

“ಯಾವತ್ತು?”

“ನಮ್ಮೂರಲ್ಲಿ. ಜೊತೇಲಿದ್ದೋಳು ಸಾಕು ಬಾ ಅಂದ್ಲು. ನೀನೋಗಿರು, ಇದೊಂದು ಮಾರ್ಬುಟ್ಟು ಬತ್ತೀನಿ ಅಂದೆ. ದೊಡ್ಮನೆ ಕಣೇ, ಊರಿಗೆಲ್ಲ ಬೇಕಾದೋನು. ಕಾಸು ಒಳಗೈತೆ, ಬಾ, ನೀರ್ ಕುಡಿ ಅಂದ. ಬರಿಗಾಲು, ಬಾಗ್ಲಲ್ಲಿ ಬಿಚ್ಚೋಕೇನಿತ್ತು? ಒಳೀಕೆ ಓಗ್ಬುಟ್ಟೆ. ಬಾಗ್ಲು ಆಕ್ಬುಟ್ಟ. ಚಿಲ್ಕ ಮ್ಯಾಲಿತ್ತು, ನಂಗೆ ಎಟುಕ್ಲಿಲ್ಲ.”

ನಾನೂ ಅವಳ ಪಕ್ಕದಲ್ಲಿ ಧೂಳಿನಲ್ಲೇ ಕೂತೆ.

“ಟೀಚರ್ ಎಣಿಸವ್ರೆ, ಒಬ್ಳು ಕಮ್ಮಿ. ಬೀದಿ ಬೀದೀಲಿ ನನ್ನೆಸ್ರು ಕೂಕ್ಕಂಡು ಬಂದ್ರು. ನಾನು ಒಳಗಿಂದ ಕಿರುಚ್ಕಂಡೆ. ಬಾಗ್ಲು ಒದ್ದೇ ಒದ್ರು ಕಣೇ, ಬರೀ ಕಾಲಲ್ಲಿ. ತೆಗ್ದ. ಅಷ್ಟೇಯ. ಇನ್ನೇನೂ ಆಗ್ಲಿಲ್ಲ. ಆದ್ರೂ ಊರೋರ ಬಾಯ್ಗೆ ಅಷ್ಟು ಸಾಕು ಅಂತ ನಮ್ಮಪ್ಪ ಮನೇನೇ ಎತ್ಬುಟ್ಟ. ಟೀಚರ್ ಎಲ್ಲೋ ಅಲ್ಗೇ ಓಗದು ಅಂದ. ಯಾರ್ಗೂ ಏಳ್ಕೂಡ್ದು ಅಂತ ಟೀಚರ್ ತಾವ ಆಣೆ ಆಕುಸ್ಕಂಡ.”

ಸೇತುವೆಯ ಮೇಲೆ ಒಂದು ಎತ್ತಿನ ಗಾಡಿ ಹೋಯಿತು. ನೀರು, ಬೂಟು, ಪೊಟ್ಟಣ. ಮೂರೂ ನಿಯಮಗಳು ನನ್ನ ಕಣ್ಣೆದುರು ಬೇರೆಯೇ ಸಾಲಿನಲ್ಲಿ ಬಂದು ನಿಂತವು. ಕೊನೆಯದನ್ನು ಮಾರಲೇಬಾರದು ಎಂದಿದ್ದರೆ ಕೊನೆಯ ಮನೆಗೆ ಯಾರೂ ಹೋಗುವುದಿಲ್ಲ. ಕಾಲಲ್ಲಿ ಬಿಚ್ಚಲಾಗದ ಗಂಟಿದ್ದರೆ, ಒಳಗೆ ಬಾ ಎಂದು ಕರೆದ ಹಿರಿಯರಿಗೆ ಇಲ್ಲ ಎನ್ನುವ ಧೈರ್ಯ ಮಗುವಿಗೆ ಬೇಕಿಲ್ಲ. ಅವಳ ಪರವಾಗಿ ಬೂಟೇ ‘ಇಲ್ಲ’ ಎನ್ನುತ್ತದೆ, ಮರ್ಯಾದೆಯಾಗಿ. ಮತ್ತು ನಾನು ತುಂಬಿದ ಸಭೆಯಲ್ಲಿ ಇವಳ ರಟ್ಟೆ ಹಿಡಿದು, ಅಲ್ಲಿ ಏನಾಯಿತು ಹೇಳು ಎಂದು ಎಬ್ಬಿಸಿದ್ದೆ.

ಕೊನೆಯ ಪೊಟ್ಟಣ ಹಾಗೇ ವಾಪಸ್ಸು ಬಂತು. ನಮಗೆ ರಿಬ್ಬನ್ ಸಿಗಲಿಲ್ಲ.

ಅಷ್ಟು ತಿಳಿದ ಮೇಲೂ ಟೀಚರಿಗೆ ಒಂದು ಕಾಗದ ಬರೆಯದೆ ಹತ್ತು ವರ್ಷ ಕಳೆದೆ. ಕಾಲೇಜು, ಓದು ಎಂಬ ಕಾರಣಗಳೆಲ್ಲ ಸುಳ್ಳು. ವಾದದಲ್ಲಿ ಸೋತವಳು ಎದುರಾಳಿಯ ಮನೆಗೆ ಹೋಗುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ನಿವೃತ್ತಿಯ ಕಾಗದ ಬಂದ ಮೇಲೆ, ಹಾಸನದಲ್ಲಿ ನಾನು ಕಿರಿಯ ವಕೀಲೆಯಾಗಿರುವ ಕಚೇರಿಗೆ ಒಂದು ದಿನ ರಜ ಹಾಕಿ, ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಒಂದು ಮನೆಯ ಹಿತ್ತಲಿನ ಬಾಡಿಗೆ ಕೋಣೆ. ಬಾಗಿಲು ತೆರೆದೇ ಇತ್ತು. ಟ್ರಂಕಿನ ಮೇಲೆ ಕೂತು ಹೊಲಿಯುತ್ತಿದ್ದರು, ಕನ್ನಡಕ ಬಂದಿದೆ. ನಾನು ಹೊಸ್ತಿಲಾಚೆಯೇ ನಿಂತೆ. ಅವರು ಮೊದಲು ನನ್ನ ಕಾಲು ನೋಡಿದರು. ಬಕಲ್ ಹಾಕಿದ ಚಪ್ಪಲಿ.

“ಬಿಚ್ಚು. ಇದು ನನ್ನ ಮನೆ” ಎಂದರು. ಆಮೇಲೆ ಮುಖ ನೋಡಿದರು. “ಓ, ಲಾಯರಮ್ಮ.”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಕ್ಷಮಾಪಣೆಯನ್ನು ಒಪ್ಪಿಸಿದೆ. ಪೂರ್ತಿ ಕೇಳಿ, “ಅಭ್ಯಾಸ ಇಲ್ಲ ಅನ್ಸುತ್ತೆ. ಮಧ್ಯ ಮಧ್ಯ ವಾದ ಬರ್ತಿದೆ” ಎಂದರು.

“ಆ ಪೊಟ್ಟಣಗಳ ವಿಷಯ ಸಭೆಯಲ್ಲಿ ಒಂದು ಮಾತು ಹೇಳಬಹುದಿತ್ತು” ಎಂದೆ. “ ನಿಮ್ಮ ಮೇಲೆ ಕಳ್ಳತನ ಬಂತು.”

“ಹನ್ನೆರಡಕ್ಕೂ ಮೊದಲೇ ದಳದ ದುಡ್ಡಿನ ಡಬ್ಬಿಗೆ ನನ್ನ ಕಾಸು ಹಾಕಿದ್ದೆ ಕಣೇ. ಅದನ್ನ ನೀನು ಕೇಳಲೇ ಇಲ್ಲ. ನಾನಾಗೇ ಹೇಳಿದ್ರೆ, ಹಾಗಾದ್ರೆ ನಿಯಮ ಯಾಕೆ ಅಂತಿದ್ದೆ. ಅವಳು ಅಲ್ಲೇ ಅರ್ಧ ಎದ್ದು ನಿಂತಿದ್ಲು.”

ಸುಮ್ಮನೆ ಎದ್ದು ಬರಬೇಕಿತ್ತು. ಆಗಲಿಲ್ಲ. ಹತ್ತು ವರ್ಷದಿಂದ ನನ್ನನ್ನು ಕೊರೆಯುತ್ತಿದ್ದುದು ಬರೀ ನನ್ನ ತಪ್ಪಲ್ಲ. “ಟೀಚರ್, ನೀವು ಸುಮ್ಮನಿದ್ದದ್ದು ಅವಳೊಬ್ಬಳನ್ನೇ ಕಾಪಾಡಲಿಲ್ಲ. ಅವನನ್ನೂ ಕಾಪಾಡಿತು. ಆ ಮನುಷ್ಯ ಇವತ್ತಿಗೂ ಅಲ್ಲಿ ದೊಡ್ಡವನೇ. ಅವನ ಬಾಗಿಲ ಮುಂದೆ ಬೇರೆ ಮಕ್ಕಳು ಹೋಗ್ತಾ ಇರ್ತಾರೆ, ಬರಿಗಾಲಲ್ಲಿ.”

ಸೂಜಿ ನಿಂತಿತು.

“ನೀನು ಹೇಳಿದ್ದು ಸರಿ” ಎಂದರು. “ಅವಳಪ್ಪನಿಗೆ ಆಣೆ ಕೊಟ್ಟಿದ್ದೆ. ಅದು ಉತ್ತರ ಅಲ್ಲ ಅಂತ ಗೊತ್ತು.”

ಜೀವಮಾನದಲ್ಲಿ ಮೊದಲ ಬಾರಿ ಆ ಹೆಂಗಸಿನ ಎದುರು ಗೆದ್ದಿದ್ದೆ. ಖುಷಿಯಾಗಲಿಲ್ಲ.

ಬರೆಯುತ್ತೇನೆ ಎಂದೆ. “ಅವಳನ್ನ ಕೇಳು” ಎಂದರು. ಕೇಳಿದ್ದೇನೆ. ಈಗ ಅವಳಿಗೆ ಒಬ್ಬಳು ಮಗಳಿದ್ದಾಳೆ. ‘ಬರಿ, ಹೆಸರು ಬೇಡ. ಟೀಚರ್ ಹೆಸರು ಹಾಕಿದರೆ ನನ್ನದನ್ನು ಹುಡುಕುತ್ತಾರೆ’ ಎಂದು ಕಾಗದ ಬರೆದಿದ್ದಾಳೆ. ಈ ಬರಹ ಅವಳ ಒಪ್ಪಿಗೆಯ ಮೇಲೆ ನಿಂತಿದೆ.

ಹೊರಡುವಾಗ ಬಾಗಿಲಲ್ಲಿ ಬಕಲ್ ಹಾಕಿಕೊಳ್ಳುತ್ತ ಇನ್ನೊಂದು ಅನುಮಾನ ತಲೆ ಎತ್ತಿತು. ಇಷ್ಟೆಲ್ಲ ಒಳ್ಳೆಯವರು ಇರುತ್ತಾರೆಯೇ? ಆ ಪೊಟ್ಟಣಗಳನ್ನು ಬಡಮಕ್ಕಳಿಗೆ ಹಂಚಿ, ತಿಂದೆ ಎಂದು ಹೇಳಿರಬೇಕು. ಹಾಗಿದ್ದರೆ ಕಥೆ ತೀರಾ ಸಿಹಿ, ನನಗೆ ನಂಬಿಕೆಯಾಗದು.

“ಟೀಚರ್, ನಿಜವಾಗ್ಲೂ ನೀವೇ ತಿಂದ್ರಾ?”

“ಹನ್ನೊಂದು ತಿಂದೆ. ಮೂರು ವಾರ, ಬೆಳಿಗ್ಗೆ ಸಾಯಂಕಾಲ. ಹನ್ನೆರಡನೇದು ಬಾಯಿಗಿಡೋ ಹಾಗಿರಲಿಲ್ಲ. ಬರೀ ಉಪ್ಪು. ಓನರ್ ಮನೆ ಎಮ್ಮೆಗೆ ಹಾಕಿದೆ, ಅದೂ ಒಂದು ಸಲ ನನ್ನ ಮುಖ ನೋಡ್ತು.”

ಆ ಉಪ್ಪಿನ ವಿಷಯ ಈ ಭೂಮಿಯ ಮೇಲೆ ನನ್ನೊಬ್ಬಳಿಗೇ ಗೊತ್ತಿದ್ದದ್ದು. ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡವರಿಗಲ್ಲದೆ ಇನ್ನೊಬ್ಬರಿಗೆ ತಿಳಿಯಲು ದಾರಿಯಿಲ್ಲ. ಯಾವ ಕೋರ್ಟಿನಲ್ಲೂ ಇಷ್ಟು ಗಟ್ಟಿ ಸಾಕ್ಷ್ಯ ನಾನು ಇದುವರೆಗೆ ನೋಡಿಲ್ಲ.

“ಅದು ಯಾರ ಪೊಟ್ಟಣ ಅಂತ ಗೊತ್ತಿತ್ತಾ?” ಎಂದೆ.

ಅವರು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಡಿದರು.

“ಕೇಳೋದು ನಿನ್ನ ಹಕ್ಕು” ಎಂದರು. ಉಳಿದರ್ಧ ಮಾತು ಹೇಳಲಿಲ್ಲ.